ಯುದ್ಧ ಮತ್ತು ಮನರಂಜನೆ ಸಚಿವರ ಮೂಗು

“ಮೂಗು ನನ್ನದೇ. ಅದರಲ್ಲಿ ಸಂಶಯವಿಲ್ಲ.”

ಸುಧಾಕರ ಮಾವ ಹೀಗೆಂದಾಗ ಸಾತ್ವಿಕಾ ಬೆಚ್ಚಿದಳು. ಮೂಗಿನ ವಿಷಯಕ್ಕಲ್ಲ, ಮಾವ ಅದನ್ನು ಕನ್ನಡದಲ್ಲಿ ಹೇಳಿದರೆಂದು.

ಮಾವನ ಮಾತೆಲ್ಲ ತುಳುವಿನಲ್ಲಿ. ಹಾಲಿನವನಿಗೆ ಬೈಯುವುದು, ಗಿರಾಕಿಗಳ ಜೊತೆ ಹರಟೆ ಹೊಡೆಯುವುದು, ಚಹಾಪುಡಿ ತರಲು ಮರೆತದ್ದಕ್ಕೆ ಕಾಂತಿ ಅತ್ತೆಗೆ ಹೊಸ ಹೊಸ ನೆಪ ಹೇಳುವುದು, ಎಲ್ಲವೂ. ಅವರು ಕನ್ನಡಕ್ಕೆ ಬರುವುದು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕುಳಿತಾಗ, ಇಲ್ಲವೇ ನಿಜವಾಗಿ ಸಿಟ್ಟು ಬಂದಾಗ. ಈಗ ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಅವರ ಹೋಟೆಲಿನಲ್ಲಿ ತಾಳವೂ ಇರಲಿಲ್ಲ, ಮದ್ದಳೆಯೂ ಇರಲಿಲ್ಲ. ಊಟದ ಹೊತ್ತು ಮುಗಿದು ಗೋಳಿಬಜೆಗೆ ಎಣ್ಣೆ ಇಡುವ ಮೊದಲಿನ ಬಿಡುವು. ಮೇಜಿನ ಮೇಲೆ ಸಾತ್ವಿಕಾಳ ಚಿತ್ರಕಾದಂಬರಿಯ ಹಾಳೆಗಳು. ಫ್ಯಾನಿಗೆ ಹಾರದಂತೆ ಅವುಗಳ ಮೇಲೆ ಸಕ್ಕರೆ ಡಬ್ಬಿ.

ಪಕ್ಕದ ಬೆಂಚಿನಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ರಾಫಿಯಾ ಕಾಯುತ್ತಿದ್ದಳು. ಮೂಡುಬಿದಿರೆಯಲ್ಲಿ ಅವಳದ್ದೂ ಅವಳ ಅಣ್ಣನದ್ದೂ ಒಂದು ಪ್ರೆಸ್ ಉಂಟು; ಪುಸ್ತಕ ಅಲ್ಲೇ ಅಚ್ಚಾಗಬೇಕು. ನಾಳೆ ಮಷಿನ್ ಖಾಲಿ. ಆದರೆ ಹಾಳೆಗಳನ್ನು ನೋಡಿದ ದಿನವೇ ಅವಳು ಹೇಳಿಬಿಟ್ಟಿದ್ದಳು, “ಇದು ನಿನ್ನ ಮಾವನೇ ಅಲ್ವನಾ? ಅವರು ಹೂಂ ಅನ್ನದೆ ನಾನು ಮಷಿನ್ ಶುರು ಮಾಡುದಿಲ್ಲ ಮಾರಾಯ್ತಿ. ಅವರ ಹೋಟೆಲಲ್ಲಿ ನಂಗೆ ಇನ್ನೂ ಚಹಾ ಕುಡಿಲಿಕ್ಕುಂಟು.”

ಕತೆ ಹೀಗೆ. ಇಸವಿ ಎರಡು ಸಾವಿರದ ನಲವತ್ತೊಂದು. ಬಂಟ್ವಾಳ ಒಂದು ದೇಶ, ಬೆಳ್ತಂಗಡಿ ಇನ್ನೊಂದು ದೇಶ. ಗಡಿಯಲ್ಲಿ ಒಂದು ಹಲಸಿನ ಮರ. ಬೇರು ಬಂಟ್ವಾಳದಲ್ಲಿ, ಹಣ್ಣು ಬಿಡುವ ಕೊಂಬೆ ಬೆಳ್ತಂಗಡಿಯಲ್ಲಿ. ಅಷ್ಟಕ್ಕೇ ಯುದ್ಧ. ಯುದ್ಧವನ್ನು ನಡೆಸುವುದು ಗುಡುಗು ಟಿವಿ. ಜಾಹೀರಾತು ಬಂದಾಗ ಎರಡೂ ಕಡೆಯವರು ಗುಂಡು ನಿಲ್ಲಿಸಿ ಮುಖ ತೊಳೆದುಕೊಳ್ಳುತ್ತಾರೆ. ಗಾಯಗೊಂಡ ಸೈನಿಕ ಪ್ರಾಯೋಜಕರಿಗೆಲ್ಲ ಧನ್ಯವಾದ ಹೇಳಿ ಮುಗಿಸದೆ ಅವನ ಸ್ಟ್ರೆಚರ್ ಏಳುವುದಿಲ್ಲ. ಮೂಡುಬಿದಿರೆ ತಟಸ್ಥ ರಾಷ್ಟ್ರ; ಎರಡೂ ಸೈನ್ಯಗಳಿಗೆ ಚರುಮುರಿ ಮಾರುತ್ತದೆ. ಇಷ್ಟಕ್ಕೆಲ್ಲ ಮೂಲಪುರುಷ ಬಂಟ್ವಾಳದ ಯುದ್ಧ ಮತ್ತು ಮನರಂಜನೆ ಸಚಿವ. ಪುಟ ಪುಟದಲ್ಲೂ ಅವನೇ. ಅವನಿಗೆ ಮಾವನ ಮೂಗು, ಮಾವ ಹೆಗಲಿಗೆ ಹಾಕಿ ಕೈ ಒರೆಸುವ ಕೆಂಪು ಬೈರಾಸು, ಮಾತಿಗೆ ಮೊದಲು ಒಮ್ಮೆ ಕೆಮ್ಮಿ ಊರನ್ನೆಲ್ಲ ನೋಡುವ ಆ ಗತ್ತು.

ಸಾತ್ವಿಕಾ ಬೇಕೆಂದು ಮಾಡಿದ್ದಲ್ಲ. ಗತ್ತು ಎಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಅವಳು ಸಣ್ಣವಳಿದ್ದಾಗ ಸೊಸೈಟಿ ಕ್ಯಾಲೆಂಡರಿನ ಹಳೇ ತಿಂಗಳುಗಳನ್ನು ಹರಿದು, ಖಾಲಿ ಹಿಂಬದಿಯನ್ನು ಮೇಲೆ ಮಾಡಿ, “ಬರಿ” ಎಂದು ಕೊಟ್ಟವರು ಈ ಮಾವ. ಅವಳು ಬಿಡಿಸಿದ ಆನೆಯನ್ನು ನೋಡಿ ಎಮ್ಮೆ ಎನ್ನದೆ ಇದ್ದವರೂ ಅವರೊಬ್ಬರೇ. ಸಚಿವನನ್ನು ಅಳಿಸಿ ಮತ್ತೆ ಬರೆಯಬಹುದು, ಕೈ ನೋಯುತ್ತದೆ ಅಷ್ಟೆ. ಆದರೆ ಅಕ್ಕನ ಮಗಳು ತನ್ನನ್ನು ಊರಿನ ಮುಂದೆ ಗೇಲಿ ಮಾಡಿದಳೆಂದು ಮಾವನ ಮನಸ್ಸಿಗೆ ಬಂದರೆ, ಅದನ್ನು ಯಾವ ರಬ್ಬರಿನಿಂದ ಅಳಿಸುವುದು?

“ಮೂಗು ದೊಡ್ಡದಾಯ್ತು ಅಂತ ಸಿಟ್ಟಾ?” ಅಡುಗೆಮನೆಯಿಂದ ಕಾಂತಿ ಅತ್ತೆಯ ಸ್ವರ. “ನಿಮ್ಮದು ಅದಕ್ಕಿಂತಲೂ ದೊಡ್ಡದೇ ಉಂಟು. ಹುಡುಗಿ ಮರ್ಯಾದೆ ನೋಡಿ ಸಣ್ಣ ಮಾಡಿದ್ದಾಳೆ.”

ಚಹಾ ಕುಡಿಯುತ್ತಿದ್ದ ರಿಕ್ಷಾದ ನೋಣಯ್ಯ ಇಣುಕಿ ನೋಡಿದ. “ನನ್ನನ್ನೂ ಹಾಕಿದ್ದೀಯಾ ಮಗಾ?”

“ಫಿರಂಗಿ ಎಳೆಯುವ ರಿಕ್ಷಾ ನಿಮ್ಮದೇ ನೋಣಯ್ಯಣ್ಣ.”

“ಮೀಟರ್ ಹಾಕಿದ್ದೇನಾ?”

“ಇಲ್ಲ.”

“ಹಾಗಾದ್ರೆ ನಾನೇ,” ಎಂದು ನೋಣಯ್ಯ ಸಮಾಧಾನದಿಂದ ಚಹಾಕ್ಕೆ ಮರಳಿದ.

ಮಾವ ನಗಲಿಲ್ಲ. ಒಂದು ಹಾಳೆಯನ್ನು ಎಳೆದು ಅದರ ಮೇಲೆ ಬೆರಳಿಟ್ಟರು. “ಇಲ್ಲಿ ಇವನು ಏನು ಹೇಳುತ್ತಾನೆ? ‘ಯುದ್ಧ! ಯುದ್ಧ! ಎಲ್ಲರೂ ಚಪ್ಪಾಳೆ!’ ಆಯಿತು. ಮುಂದಿನ ಪುಟದಲ್ಲಿ? ‘ಇನ್ನೂ ಜೋರಾಗಿ!’ ಅದರ ಮುಂದೆ ಜೊಲ್ಲು ಸುರಿಸುತ್ತಾನೆ. ಇಷ್ಟೆಯೋ?”

“ಅವ ಪೆದ್ದ ಅಲ್ವಾ ಮಾವ... ನಗು ಬರ್ಲಿ ಅಂತ...”

“ಪೆದ್ದನಿಗೆ ನನ್ನ ಮೂಗು ಯಾಕೆ?”

ರಾಫಿಯಾ ಹೆಲ್ಮೆಟಿನೊಳಗೆ ನೋಡತೊಡಗಿದಳು. ಸಾತ್ವಿಕಾ ರಬ್ಬರಿಗೆ ಕೈ ಹಾಕಿದಳು. “ತೆಗೀತೇನೆ ಮಾವ. ಮೂಗು ತೆಗೀತೇನೆ, ಬೈರಾಸೂ ತೆಗೀತೇನೆ. ಬೇಜಾರು ಮಾಡ್ಬೇಡಿ.”

“ಮೂಗು ತೆಗೆಯಬೇಕೆಂದು ನಾನು ಹೇಳಿದೆನೇ? ಮೂಗು ಇರಲಿ. ಮೂಗು ಕೊಟ್ಟವಳು ಬಾಯಿ ಯಾಕೆ ಕೊಡಲಿಲ್ಲ ಎಂದು ಕೇಳುವುದು!”

ಆಗ ಅವಳಿಗೆ ಮಾವನ ಸಿಟ್ಟಿನ ಬುಡ ಕಾಣತೊಡಗಿತು.

ತಾಳಮದ್ದಳೆಯಲ್ಲಿ ಯಕ್ಷಗಾನದ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಂದಲೇ, ಆ ಹೊತ್ತಿಗೆ ಹುಟ್ಟಿದ ಮಾತಿನಲ್ಲಿ, ರಾಜರಾಗಿ ವೈರಿಗಳಾಗಿ ವಾದಿಸಬೇಕು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಕೂಟಕ್ಕೆ ಕರೆದರೂ ಸುಧಾಕರ ಮಾವನಿಗೆ ಸಿಗುವುದು ಸೋಲುವ ರಾಜನ ಅರ್ಥ. ಸೋಲುತ್ತೇನೆಂದು ಗೊತ್ತಿದ್ದೇ ಅವರು ಹೋಗುವುದು. ಆದರೆ ಸೋಲಿನ ಪದ ಬರುವ ತನಕ ಒಂದು ಮಾತನ್ನೂ ಬಿಟ್ಟುಕೊಟ್ಟವರಲ್ಲ. ಒಮ್ಮೆ ಬೆಳ್ತಂಗಡಿಯಲ್ಲಿ ಪೂವಮ್ಮ ಎಂಬ ಅಜ್ಜಿ ಕೂಟ ಮುಗಿದ ಮೇಲೆ ಬಂದು, “ನ್ಯಾಯ ಎಲ್ಲ ನಿಮ್ಮ ಕಡೆಗೇ ಇತ್ತಲ್ಲ, ಮತ್ತೆ ನಿಮ್ಮನ್ನು ಯಾಕೆ ಕೊಂದದ್ದು?” ಎಂದು ಕೇಳಿದ್ದರಂತೆ. ಮಾವ ಇದನ್ನು ಹೇಳದ ಮದುವೆಮನೆ ಇಲ್ಲ.

“ನನ್ನ ಮೂಗಿನವನು ಜೊಲ್ಲು ಸುರಿಸಿದರೆ ಅವನ ಹಿಂದೆ ಒಂದು ತಾಲೂಕು ಹೋಗುತ್ತದೆಯೇ?” ಎಂದರು ಮಾವ. “ಹೋಯಿತೆಂದರೆ ಹೋದವರೂ ಪೆದ್ದರೆಂದಾಯಿತು. ಈ ನೋಣಯ್ಯ ಪೆದ್ದನೇ?”

“ಉದಾಹರಣೆಗೆ ಬೇರೆ ಯಾರನ್ನಾದ್ರೂ ಹಿಡೀರಿ ಮಾರಾಯ್ರೆ,” ಎಂದ ನೋಣಯ್ಯ.

ಸಾತ್ವಿಕಾಳಿಗೂ ಈಗ ಸ್ವಲ್ಪ ಹಟ ಬಂತು. “ಹಾಗಾದ್ರೆ ನೀವೇ ಹೇಳಿ ಮಾವ. ಹಲಸಿನ ಹಣ್ಣಿಗೆ ಯಾರಾದ್ರೂ ಯುದ್ಧಕ್ಕೆ ಹೋಗ್ತಾರಾ? ಏನು ಹೇಳಿ ಕಳಿಸ್ತೀರಿ?”

ಗೋಡೆಯ ಮೇಲಿನ ಟಿವಿಯಲ್ಲಿ ಯಾರೋ ಯಾವುದಕ್ಕೋ ಕಿರುಚುತ್ತಿದ್ದರು. ಮಾವ ರಿಮೋಟಿನಿಂದ ಅವರ ಬಾಯಿ ಮುಚ್ಚಿದರು. ಬೆಂಚಿನ ಮೇಲೆ ಕಾಲು ಮಡಚಿ ಕುಳಿತು, ಬೈರಾಸು ಸರಿಮಾಡಿ, ಒಮ್ಮೆ ಕೆಮ್ಮಿದರು. ಸಾತ್ವಿಕಾ ಆರ್ಭಟಕ್ಕೆ ಕಾದಳು. ಬಂದದ್ದು ಮಗುವನ್ನು ಮಲಗಿಸುವಂಥ ಸ್ವರ.

“ಹಣ್ಣನ್ನು ಕೇಳಿದವರು ಯಾರು? ನಾವು ಕೇಳಲಿಲ್ಲ. ಅವರೇ ಕೊಯ್ಯಲಿ, ಅವರೇ ತಿನ್ನಲಿ. ಹಸಿದವನಿಗೆ ಇಲ್ಲವೆಂದ ನಾಡಲ್ಲ ನಮ್ಮದು. ಆದರೆ ಹಣ್ಣಿನೊಳಗಿನ ಬೇಳೆ? ಬೇಳೆಯನ್ನಾದರೂ ಹಿಂದೆ ಕೊಡಬಹುದಿತ್ತಲ್ಲ? ನಿಮ್ಮ ತಾಯಿ ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆಂದು ಮೂಲೆಯಲ್ಲಿ ಕಾದಿಟ್ಟ ಬೇಳೆ. ಬೇರೇನೂ ಇಲ್ಲದ ದಿನ ಕೆಂಡದಲ್ಲಿ ಸುಟ್ಟು, ಬೂದಿಯನ್ನು ಊದಿ ಊದಿ ನಿಮ್ಮ ಅಂಗೈಗೆ ಹಾಕಿದ ಬೇಳೆ. ಬಿಸಿಯಾಗಿತ್ತೆಂದು ನೀವು ಅತ್ತದ್ದು ನಿಮಗೆ ಮರೆತಿರಬಹುದು, ಆ ತಾಯಿಗೆ ಮರೆತಿಲ್ಲ. ಇಂದು ಅದನ್ನು ಅವರು ಗಡಿಯಾಚೆ ಚರಂಡಿಗೆ ಗುಡಿಸಿದ್ದಾರೆ. ನಾನು ಯುದ್ಧವನ್ನು ಕೇಳುವುದಿಲ್ಲ. ಯುದ್ಧ ಎಂಬ ಶಬ್ದವೇ ನನ್ನ ಬಾಯಿಗೆ ಬಾರದು. ನಾನು ಕೇಳುವುದು ಇಷ್ಟೇ: ನಿಮ್ಮ ತಾಯಿಯ ಕೈಗೆ ಹತ್ತಿದ ಆ ಮಣ್ಣಿಗೆ ಬೆಲೆ ಇದೆಯೋ, ಇಲ್ಲವೋ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವಾಗ ನಿಂತಿತ್ತೋ. ಕಾಂತಿ ಅತ್ತೆ ಸಟ್ಟುಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ರಾಫಿಯಾಳ ಹೆಲ್ಮೆಟ್ ಮಡಿಲಿನಿಂದ ಜಾರಿ ಮೂಲೆಗೆ ಉರುಳಿದ್ದನ್ನು ರಾಫಿಯಾಳೇ ನೋಡಿರಲಿಲ್ಲ.

ನೋಣಯ್ಯ ಎದ್ದು ನಿಂತಿದ್ದ. “ಎಲ್ಲಿಗೆ ಬರ್ಬೇಕು ಹೇಳಿ ಧಣಿ. ರಿಕ್ಷಾ ಹೊರಗೇ ಉಂಟು.”

“ನೋಣಯ್ಯಣ್ಣ,” ಎಂದರು ಕಾಂತಿ ಅತ್ತೆ ಮೆಲ್ಲಗೆ, “ನಿಮ್ಮ ಮನೆ ನೆರಿಯದಲ್ಲಿ ಅಲ್ವಾ? ಅದು ಬೆಳ್ತಂಗಡಿ ತಾಲೂಕು.”

ನೋಣಯ್ಯ ಅತ್ತೆಯನ್ನೂ ಮಾವನನ್ನೂ ನೋಡಿ ಕುಳಿತುಬಿಟ್ಟ. ಮೊದಲು ನಕ್ಕದ್ದು ಅವನೇ. ಆಮೇಲೆ ಹೋಟೆಲೇ ನಕ್ಕಿತು. ಸಾತ್ವಿಕಾಳೂ ನಕ್ಕಳು, ಆದರೆ ಕಣ್ಣು ಒರೆಸಿಕೊಂಡು. ಆ ಮರವನ್ನು ನೆಟ್ಟವಳು ಅವಳು, ಆ ಗಡಿಯನ್ನು ಎಳೆದವಳೂ ಅವಳು. ಆದರೂ ಅವಳಿಗೆ ಬೆಳ್ತಂಗಡಿಯವರ ಮೇಲೆ ಒಂದು ಸಣ್ಣ ಸಿಟ್ಟು ಬಂದುಹೋಗಿತ್ತು.

“ಕಂಡಿತಾ?” ಎಂದರು ಮಾವ. ಅದು ತುಳುವಿನಲ್ಲಿ. ಸಾತ್ವಿಕಾ ಉಸಿರು ಬಿಟ್ಟಳು. “ಇವನನ್ನು ಬರಿ. ನಗಿಸು, ಬೇಡ ಅನ್ನುದಿಲ್ಲ. ನನ್ನ ಮೂಗನ್ನು ಇನ್ನಷ್ಟು ಎಳಿ ಬೇಕಾದ್ರೆ. ಆದ್ರೆ ಪುಸ್ತಕ ಓದುವವನೂ ನೋಣಯ್ಯನ ಹಾಗೆ ಒಮ್ಮೆ ಎದ್ದು ನಿಲ್ಬೇಕು.”

“ನನ್ನನ್ನು ಬಿಡುದೇ ಇಲ್ವಾ ಇವತ್ತು?” ಎಂದ ನೋಣಯ್ಯ.

“ಅಲ್ಲ ಮಾವ, ನೀವು ಹೀಗೆ ಮಾತಾಡಿದ್ರೆ ಯುದ್ಧ ನಿಲ್ಲಿಸುವವರು ಯಾರು? ನನ್ನ ಕತೆಯಲ್ಲಿ ಅಷ್ಟು ಮಾತು ಬರುವವರು ಯಾರೂ ಇಲ್ಲ.”

“ಅದು ನಿನ್ನ ಕೆಲಸ. ಎದುರು ಅರ್ಥದವರು ಗಟ್ಟಿ ಬೇಕು. ನಾನು ಸೋಲ್ತೇನೆ ಮಗಾ, ಹೆದರ್ಬೇಡ. ಸುಲಭದಲ್ಲಿ ಸೋಲುದಿಲ್ಲ, ಅಷ್ಟೆ.”

ರಾಫಿಯಾ ಹೆಲ್ಮೆಟ್ ಹೆಕ್ಕಿಕೊಂಡಳು. “ಹಾಗಾದ್ರೆ ನಾಳೆಯ ಮಷಿನ್?”

“ಯಾರದ್ದಾದ್ರೂ ಮದುವೆ ಕಾಗದ ಹಾಕು ಮಾರಾಯ್ತಿ,” ಎಂದಳು ಸಾತ್ವಿಕಾ. ಅವಳ ಕಣ್ಣು ಬಾಗಿಲಲ್ಲಿ ನಿಂತ ಅತ್ತೆಯ ಮೇಲಿತ್ತು; ಆ ಸಟ್ಟುಗದ ಮೇಲೆ, ಅದನ್ನು ಹಿಡಿದ ಕೈಯ ಮೇಲೆ. “ನನಗೆ ಎದುರು ಅರ್ಥಕ್ಕೆ ಜನ ಸಿಕ್ಕಿತು ಅಂತ ಕಾಣ್ತದೆ.”

“ನನ್ನನ್ನು ಯಾಕೆ ಹಾಗೆ ನೋಡುದು?” ಎಂದರು ಕಾಂತಿ ಅತ್ತೆ.

ಮಾವ ಎದ್ದು ಗೋಡೆಯ ಕ್ಯಾಲೆಂಡರಿನ ಬಳಿ ಹೋದರು. ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು, ಹಾಳೆಯ ತುಂಬ ಅತ್ತೆ ಹಾಕಿದ ಹಾಲಿನ ಲೆಕ್ಕದ ಗುರುತುಗಳಿದ್ದವು. ಮಾವ ಅದನ್ನು ಬುಡದಿಂದ ಪರ್‍ರೆಂದು ಹರಿದು, ಮೇಜಿನ ಮೇಲೆ ಮಗುಚಿ ಹಾಕಿ, ಒಂದು ಮೂಲೆಗೆ ಸಕ್ಕರೆ ಡಬ್ಬಿ ಇಟ್ಟರು. ಅತ್ತೆ ಬೈಯಲೆಂದು ಸಟ್ಟುಗ ಹಿಡಿದ ಕೈಯನ್ನು ಎತ್ತಿದರು, ಸಾತ್ವಿಕಾಳ ಪೆನ್ಸಿಲ್ ಹಾಳೆಗೆ ತಾಗಿದ್ದನ್ನು ನೋಡಿ ಹಾಗೆಯೇ ನಿಂತರು.