ಹಮಾಲರ ಭವನದಲ್ಲಿ ಎವಾರಿಸ್ತಾಳ ನಾಟಕ

ಪರಾನಾ ನದಿಯ ಬಂದರಿನ ಹಮಾಲರ ಭವನದಲ್ಲಿ ಅವತ್ತು ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಹೊರಗೆ ಆ ದಕ್ಷಿಣ ಸೀಮೆಯ ಜುಲೈ ತಿಂಗಳ ಚಳಿ, ಒಳಗೆ ಎಂಪನಾಡ ಕಡುಬು ಕರಿಯುವ ಘಮಲು, ಭಾನುವಾರದ ಗದ್ದಲ. ಮೊದಲು ನಾಟಕ, ಆಮೇಲೆ ಕುಣಿತ. ಊರಿನ ಮದುವೆಗಳು ನಡೆಯುವುದು ಈ ಭವನದಲ್ಲೇ, ಹೆಣ ಇಟ್ಟು ಅಳುವುದೂ ಇಲ್ಲೇ, ಮಕ್ಕಳು ಅಕ್ಷರ ಕಲಿಯುವುದೂ ಇಲ್ಲೇ. ಹಮಾಲರು ಇಟ್ಟಿಗೆ ಹೊತ್ತು ಕಟ್ಟಿದ್ದರು, ಹೆಂಗಸರು ಗಾರೆ ಕಲಸಿದ್ದರು. ಆದರೆ ಸಭೆಯಲ್ಲಿ ಕೈ ಎತ್ತುವ ಹಕ್ಕು ಮಾತ್ರ ಗಾರೆ ಕಲಸಿದವರಿಗೆ ಇರಲಿಲ್ಲ.

ಎವಾರಿಸ್ತಾಳ ಹೊಟ್ಟೆಯುರಿ ಅದೇ. ಹರಿದ ಗೋಧಿ ಚೀಲಗಳಿಗೆ ದಬ್ಬಣ ಹಿಡಿದು ಹೊಲಿಗೆ ಹಾಕುವ ಮೂವತ್ತೆಂಟು ಹೆಂಗಸರಲ್ಲಿ ಅವಳೂ ಒಬ್ಬಳು. ನಮ್ಮನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಎರಡು ಸಲ ಅರ್ಜಿ ಕೊಟ್ಟರು, ಎರಡು ಸಲವೂ ಸಭೆ ತಳ್ಳಿಹಾಕಿತು. ವಿರೋಧವಾಗಿ ಎದ್ದ ಕೈಗಳಲ್ಲಿ ಅವಳ ಗಂಡ ನಸರೇನೊನದೂ ಒಂದು. "ಚೀಲ ಹೊಲಿಯೋದು ಬೇರೆ, ಹೊರೋದು ಬೇರೆ" ಅಂದಿದ್ದ ಭೂಪ. ಆ ಸಿಟ್ಟಿಗೆ ಅವಳು ಮೂರು ತಿಂಗಳು ಕೂತು ನಾಟಕ ಬರೆದಳು. ಮತ್ತೆ ಬೇಡುವುದಕ್ಕಲ್ಲ. ಈ ಗಂಡಸರು ಒಮ್ಮೆಯಾದರೂ ತಮ್ಮ ಮುಖ ತಾವೇ ನೋಡಿಕೊಂಡು ನಾಚಲಿ ಎಂದು.

ಆ ಭವನದ ಅಧ್ಯಕ್ಷರ ಕುರ್ಚಿಗೆ ಒಂದು ಕಟ್ಟಳೆ ಇತ್ತು. ದೊಡ್ಡ ಮುಷ್ಕರದಲ್ಲಿ ಪೊಲೀಸರು ಅಧ್ಯಕ್ಷರನ್ನು ಒಬ್ಬೊಬ್ಬರಾಗಿ ಎಳೆದೊಯ್ದಾಗ, ಆ ಕುರ್ಚಿಯಲ್ಲಿ ಯಾರು ಕೂತು ಗಂಟೆ ಬಾರಿಸಿದರೂ ಅದು ಸಭೆಯೇ, ಎದ್ದ ಕೈಗಳ ಎಣಿಕೆಯೇ ತೀರ್ಮಾನ ಎಂದು ಬರೆದುಕೊಂಡಿದ್ದರು. ಆಮೇಲೆ ಅದನ್ನು ತೆಗೆದುಹಾಕುವ ಗೊಡವೆಗೆ ಯಾರೂ ಹೋಗಲಿಲ್ಲ. ನಾಟಕಕ್ಕೆ ಬೇರೆ ಕುರ್ಚಿ ಎಲ್ಲಿಂದ ತರುವುದು? ಅದೇ ಕುರ್ಚಿ, ಅದೇ ಗಂಟೆ ಇಟ್ಟರು. ಅಧ್ಯಕ್ಷನ ಪಾತ್ರಕ್ಕೆ ನಸರೇನೊ ಸಿಕ್ಕಿದ. ದನಿ ದೊಡ್ಡದು, ನೆನಪು ಮಾತ್ರ ತೂತು ಚೀಲ. ಹಾಗಾಗಿ ಎವಾರಿಸ್ತಾ ವೇದಿಕೆಯ ಮುಂದಿನ ತಗ್ಗು ಗೂಡಿನಲ್ಲಿ ಯಾರಿಗೂ ಕಾಣದಂತೆ ಮುದುರಿ ಕೂತು ಅವನಿಗೆ ಒಂದೊಂದು ಮಾತನ್ನೂ ಪಿಸುಗುಟ್ಟುತ್ತಿದ್ದಳು.

ಮೂರನೆಯ ಅಂಕ ಬಂತು. ಚೀಲ ಹೊಲಿಯುವವಳ ಪಾತ್ರದಲ್ಲಿ ಫಿಲೊಮೆನಾ ಅಂಗಲಾಚಿ ಕೇಳಿಕೊಂಡಾಗ ಮುಂದಿನ ಸಾಲಿನ ಮೀಸೆಗಳೆಲ್ಲ ಒದ್ದೆಯಾದವು. ನಸರೇನೊ ಗಂಟೆ ಬಾರಿಸಿದ.

"ಇವ್ರನ್ನ ಸಂಘಕ್ಕೆ ಸೇರಿಸ್ಕೋಬೇಕು ಅನ್ನೋರು ಕೈ ಎತ್ತಿ."

ಬರೆದಂತೆ ವೇದಿಕೆಯ ಮೇಲೆ ಯಾರೂ ಕೈ ಎತ್ತಬಾರದು, ಫಿಲೊಮೆನಾ ಅಳುತ್ತ ಹೊರಟುಹೋಗಬೇಕು, ಪರದೆ ಬೀಳಬೇಕು. ವೇದಿಕೆಯವರು ಎತ್ತಲಿಲ್ಲ. ಎತ್ತಿದವರು ಕೆಳಗೆ ಕೂತ ಸದಸ್ಯರು! ಇಪ್ಪತ್ತು ವರ್ಷದಿಂದ ಆ ಗಂಟೆ ಕೇಳಿದರೆ ಏಳುವ ಕೈಗಳು, ಒಂದರ ಹಿಂದೊಂದು ಎದ್ದೇ ಬಿಟ್ಟವು.

"ಏಯ್, ಇದು ನಾಟಕ ಕಣ್ರೋ! ಕೈ ಇಳಿಸ್ರೋ!" ಎಂದು ಉಪಾಧ್ಯಕ್ಷ ಕಸಿಮಿರೊ ಕೂಗಿದ.

"ನಾಟಕ ಅಂದ್ಮೇಲೆ ನೀನ್ಯಾಕೆ ಗೊಳೋ ಅಂತ ಅತ್ತೆ?" ಹೆಂಗಸರು ಕೂತಿದ್ದ ಬಾಲ್ಕನಿಯಿಂದ ಅವನ ಹೆಂಡತಿಯೇ ಕೇಳಿದಳು. ಭವನವೆಲ್ಲ ಗೊಳ್ಳೆಂದಿತು.

ಮುದುಕ ಕಾರ್ಯದರ್ಶಿ ಊಲ್ಪಿಯಾನೊ ಎದ್ದು ನಿಂತ. "ಕುರ್ಚಿ ಅದೇ, ಗಂಟೆ ಅದೇ. ಕಟ್ಟಳೆ ಬರ್ದೋನು ನಾನೇ. ಕುರ್ಚೀಲಿರೋನು ಎಣಿಸ್ಲಿ!"

ನಸರೇನೊ ಬೆವರುತ್ತ ಗೂಡಿನತ್ತ ಬಗ್ಗಿದ. ಅವನ ಮುಂದಿನ ಮಾತು "ಅರ್ಜಿ ತಿರಸ್ಕಾರ ಆಗಿದೆ" ಎಂದು. ಅದನ್ನು ಪಿಸುಗುಟ್ಟಿದರೆ ಅವಳ ನಾಟಕ ಉಳಿಯುತ್ತಿತ್ತು. ಎವಾರಿಸ್ತಾ ಪುಸ್ತಕ ಮುಚ್ಚಿದಳು.

"ಲೇ, ಮುಂದೇನೇ?"

"ನಂಗೊತ್ತಿಲ್ಲ."

"ಬರ್ದೋಳು ನೀನೇ ಅಲ್ವೇನೆ!"

"ನಾನು ಬರ್ದಿದ್ದು ಮುಗೀತು. ನಿನ್ನ ಕಣ್ಣಿಗೆ ಕಂಡಿದ್ದು ಹೇಳು."

ಅವನು ಸೆಟೆದು ನಿಂತು, ಹಡಗಿಗೆ ಏರುವ ಚೀಲ ಎಣಿಸುವ ಹಾಗೆ ಸಾಲುಸಾಲಾಗಿ ಎಣಿಸಿದ. ಎಣಿಸಿ ಮುಗಿಸಿ ಕೇಳಿದ: "ವಿರೋಧ ಇರೋರು?"

ಕಸಿಮಿರೊ ಬಾಲ್ಕನಿಯತ್ತ ಕಣ್ಣು ಹಾಯಿಸಿ ಕೈಯನ್ನು ಜೇಬಿಗೆ ತುರುಕಿಕೊಂಡ. ಎವಾರಿಸ್ತಾ ನೋಡುತ್ತಿದ್ದದ್ದು ಒಂದೇ ಒಂದು ಕೈಯನ್ನು. ಎರಡು ಸಲ ಅವಳ ವಿರುದ್ಧ ಎದ್ದಿದ್ದ ಆ ಕೈ ಗಂಟೆಯನ್ನು ಬಿಟ್ಟು ಮೇಲೆ ಹೋಯಿತು. ಕೈ ಹಣೆಯ ಬೆವರು ಒರೆಸಿಕೊಂಡು ಮತ್ತೆ ಕೆಳಗಿಳಿದು ಗಂಟೆ ಬಾರಿಸಿತು.

"ಮುನ್ನೂರ ಹನ್ನೆರಡು ಕೈ. ವಿರೋಧ ಯಾರ್ದೂ ಇಲ್ಲ. ನಂದೂ ಇಲ್ಲ. ಸೇರಿಸ್ಕೊಂಡಾಯ್ತು!"

ಟೋಪಿಗಳು ಚಾವಣಿಗೆ ಹಾರಿದವು. ಬಾಲ್ಕನಿಯ ಹೆಂಗಸರು ಕಾಲು ಕುಟ್ಟಿದ ರಭಸಕ್ಕೆ ಧೂಳು ಉದುರಿತು. ಅಕಾರ್ಡಿಯನ್‌ನವನು ತಡೆಯಲಾರದೆ ಶುರುಹಚ್ಚಿಕೊಂಡ. "ಈಗ ನಾನು ಅಳ್ಬೇಕಾ, ಬೇಡ್ವಾ?" ಎಂದು ಫಿಲೊಮೆನಾ ಕೇಳುತ್ತಲೇ ಇದ್ದಳು, ಆಗಲೇ ಕಣ್ಣೀರು ಸುರಿಯುತ್ತಿತ್ತು.

"ಸದ್ದು!" ಊಲ್ಪಿಯಾನೊ ಗರ್ಜಿಸಿದ. "ಮೊದ್ಲು ಇನ್ನೊಂದು ತೀರ್ಮಾನ ಆಗ್ಲಿ. ಈ ನಾಟಕ ಮುಂದಿನ ಭಾನುವಾರ ಮತ್ತೆ ಆಡ್ಬೇಕು ಅನ್ನೋ ಸದಸ್ಯರೆಲ್ಲ ಕೈ ಎತ್ತಿ. ಬಾಲ್ಕನೀಲಿರೋ ಸದಸ್ಯರೂ!"

ಅಷ್ಟರಲ್ಲಿ ನಸರೇನೊ ಬಗ್ಗಿ, ಹೆಂಡತಿಯ ಎರಡೂ ಕೈ ಹಿಡಿದು ಗೂಡಿನಿಂದ ಮೇಲೆಳೆಯುತ್ತಿದ್ದ.

"ಕೈ ಬಿಡು ಮಾರಾಯ," ಎಂದಳು ಎವಾರಿಸ್ತಾ, "ನಾನೂ ಎತ್ತಬೇಕು!"