ಜಲ್ಲಿ ರಸ್ತೆಗೊಂದು ಸೈಕಲ್ಲು

"ಎರಡೂ ಕೈ ಊರಿ ಜೋರಾಗಿ ಒತ್ತಿ ಮೇಡಂ. ಹೆದರಬೇಡಿ, ಏನೂ ಆಗಲ್ಲ" ಎಂದ ಅಂಗಡಿಯವನು.

ಅವಳು ಬಲಗೈಯನ್ನು ಗಟ್ಟಿಯಾಗಿ ಊರಿ, ಎಡಗೈಯನ್ನು ಹ್ಯಾಂಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಒತ್ತಿದಳು. ಮುಂಚಕ್ರದ ಎರಡೂ ಪಕ್ಕದ ಕೊಳವೆಗಳು ಮೆತ್ತಗೆ ಕೆಳಗಿಳಿದು, ಕೈ ಸಡಿಲಿಸುತ್ತಲೇ ಮೇಲೆ ಬಂದವು. ಅವಳಿಗೆ ನಗು ಬಂತು. ಇನ್ನೊಂದು ಸಲ ಒತ್ತಿದಳು.

ಹಿಂದೆ ನಿಂತಿದ್ದ ಗಂಡ ಅವಳ ಎಡಗೈಯನ್ನೇ ನೋಡುತ್ತಿದ್ದ. ಆ ಮಣಿಕಟ್ಟು ಈಗಲೂ ಪೂರ್ತಿ ಬಾಗುವುದಿಲ್ಲ. ಜಡೆ ಹೆಣೆದುಕೊಳ್ಳುವಾಗ ಅರ್ಧಕ್ಕೆ ನಿಲ್ಲಿಸಿ ಕೈ ಕೊಡವುತ್ತಾಳೆ. ಅಂಥ ಹೊತ್ತಿನಲ್ಲಿ ಅವನು ಏನಾದರೂ ನೆಪ ತೆಗೆದು ಪಕ್ಕದ ಕೋಣೆಗೆ ಹೋಗಿಬಿಡುತ್ತಾನೆ.

ಅವಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು. ಅವಳ ಪಾಲಿಗೆ ಬಂದದ್ದು ಗುಡ್ಡದ ಮೇಲಿನ ಬಡಾವಣೆ. ಕಲ್ಲುಗಣಿಯ ಅಂಚಿನಲ್ಲಿ ಹಾದುಹೋಗುವ ಆ ಜಲ್ಲಿ ರಸ್ತೆಗೆ ಬಸ್ಸು ಹೋಗುವುದಿಲ್ಲ. ಹಳೇ ಸೈಕಲ್ಲಿನಲ್ಲೇ ಹತ್ತಿ ಇಳಿಯುತ್ತಿದ್ದವಳು ಹೋದ ಚಳಿಗಾಲದಲ್ಲಿ ಇಳಿಜಾರಿನಲ್ಲಿ ಗುಂಡಿಗೆ ಇಳಿದು ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು. ಇನ್ನು ಸೈಕಲ್ಲೇ ಬೇಕೆಂದರೆ ರಸ್ತೆಯ ಹೊಡೆತ ಕೈಗೆ ತಾಗದಂಥದ್ದು ತೆಗೆದುಕೊಳ್ಳಿ ಎಂದಿದ್ದರು ಮೂಳೆ ಡಾಕ್ಟರು. ಹಾಗಾಗಿ ಮುಂದುಗಡೆ ಸಸ್ಪೆನ್ಷನ್ ಇರುವ, ಆದರೆ ಅವಳ ಸಂಬಳಕ್ಕೆ ಎಟುಕುವ ಸೈಕಲ್ಲು ಹುಡುಕಿಕೊಂಡು ಬಂದಿದ್ದರು.

"ಇದು ಸ್ಪ್ರಿಂಗಿನದು, ಸ್ವಲ್ಪ ಭಾರ. ಅದೋ ಅಲ್ಲಿರೋ ನೀಲಿದರ ಕೊಳವೆಗೆ ಸ್ಪ್ರಿಂಗ್ ಬದಲು ಗಾಳಿ ತುಂಬೋದು. ಹಗುರ, ಮೃದು" ಎಂದ ಅಂಗಡಿಯವನು. ಬಾಯಿ ನಿಲ್ಲದ ಮನುಷ್ಯ. ಆದರೆ ಬೆಲೆ ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದ.

"ನೀಲಿದೇ ತಗೋ" ಎಂದ ಗಂಡ.

"ಅದರ ಬೆಲೆಗೆ ಇಂಥದ್ದು ಎರಡು ಬರುತ್ತೆ."

"ಬರಲಿ. ನಾನು ಕೊಡ್ತೀನಿ."

ಅವಳು ತಿರುಗಿ ನೋಡಿದಳು. "ರೀ, ನಾನು ಗುಡ್ಡ ಹತ್ತೋದು ಬಿಪಿ ನೋಡೋಕೆ, ಪದಕ ಗೆಲ್ಲೋಕಲ್ಲ. ಒಂದು ಜೊತೆ ಚಪ್ಪಲಿಗೆ ಊರೆಲ್ಲ ಸುತ್ತಿಸೋ ನೀವು, ಇವತ್ತೇನು ಜೇಬು ತೂತಾಗಿದ್ಯಾ?"

ಅಂಗಡಿಯವನು ನಕ್ಕ. ಗಂಡನೂ ನಗಲು ನೋಡಿದ.

ಅವನು ಮುದ್ರಣಾಲಯದಲ್ಲಿ ಯಂತ್ರ ನೋಡಿಕೊಳ್ಳುವವನು. ಮನೆಯ ನಲ್ಲಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಯಾವುದಕ್ಕೂ ಹೊರಗಿನವರ ಕೈ ತಾಗಕೂಡದು ಎಂಬ ಹಟ ಅವನದು. ಅವಳ ಸೈಕಲ್ಲನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಬಗ್ಗಿ ಬಗ್ಗಿ ಸೊಂಟ ನೋಯುತ್ತೆ ಎಂದು ಅವಳು ಹೇಳಿದ್ದಕ್ಕೆ, ಒಂದು ಭಾನುವಾರ ಹ್ಯಾಂಡಲ್ ಬಿಚ್ಚಿ ಎತ್ತರ ಮಾಡಲು ಕೂತಿದ್ದ. ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದಷ್ಟೇ, ಯಂತ್ರ ಕೈಕೊಟ್ಟಿದೆ, ತಕ್ಷಣ ಬಾ ಎಂದು ಮುದ್ರಣಾಲಯದಿಂದ ಫೋನು ಬಂತು. ಬಂದು ಬಿಗಿ ಮಾಡಿದರಾಯಿತು ಎಂದು ಹೊರಟವನು ವಾಪಸಾಗುವಾಗ ಅದನ್ನು ಮರೆತೇಬಿಟ್ಟಿದ್ದ. ಮರುದಿನ ಬೆಳಿಗ್ಗೆ ಅವಳು ಬಿದ್ದಳು.

ಅವತ್ತೇ ಸಂಜೆ ಆಸ್ಪತ್ರೆಯಿಂದ ಬಂದು, ಅವಳು ಬಿದ್ದಲ್ಲಿಂದ ಸೈಕಲ್ಲನ್ನು ತಳ್ಳಿಕೊಂಡು ಬರಲು ಹೋದಾಗ ನೋಡಿದ. ಚಕ್ರ ನೇರವಾಗಿತ್ತು, ಹ್ಯಾಂಡಲ್ ಅಡ್ಡ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದರೆ ಬೋಲ್ಟು ಸುಲಭವಾಗಿ ತಿರುಗಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಲ್ಲೇ ನೇರ ಮಾಡಿದ, ಮನೆಗೆ ತಂದು ಬಿಗಿ ಮಾಡಿದ, ಆ ವಾರವೇ ಗುಜರಿಗೆ ಹಾಕಿದ. ಕೆಟ್ಟ ಗಳಿಗೆಯ ಸೈಕಲ್ಲು, ಕಣ್ಣೆದುರಿಗೆ ಯಾಕೆ ಎಂದು ಎಲ್ಲರಿಗೂ ಹೇಳಿದ.

ಅವಳು ಅವನನ್ನು ಬೈದಿದ್ದರೆ, ಅನುಮಾನದಿಂದ ಒಂದು ಮಾತು ಕೇಳಿದ್ದರೆ, ಹೇಳಿಬಿಡುತ್ತಿದ್ದನೇನೋ. ಅವಳು ಬೈದುಕೊಂಡದ್ದು ತನ್ನನ್ನೇ. ಅಷ್ಟು ದೊಡ್ಡ ಗುಂಡಿ ನನಗೆ ಕಾಣಲಿಲ್ಲವಲ್ಲ ಎನ್ನುತ್ತಿದ್ದಳು. ಕಣ್ಣು ಮಂದವಾಗಿದೆಯೇನೋ ಎಂಬ ಭಯ ಹತ್ತಿ ಕಣ್ಣಿನ ಡಾಕ್ಟರ ಬಳಿಗೂ ಹೋದಳು. ಕರೆದುಕೊಂಡು ಹೋದವನು ಅವನೇ. ಕತ್ತಲೆ ಕೋಣೆಯಲ್ಲಿ ಅವಳು ಸಣ್ಣ ಸಣ್ಣ ಅಕ್ಷರಗಳನ್ನು ತಪ್ಪಿಲ್ಲದೆ ಓದುತ್ತಿದ್ದರೆ ಅವನು ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ಚೆನ್ನಾಗಿದೆ ಎಂದರು. ಆದರೂ ಅವಳ ಅಳುಕು ಹೋಗಲಿಲ್ಲ. ಔಷಧಿ ಬಾಟಲಿಯ ಹೆಸರನ್ನು ಮತ್ತೆ ಮತ್ತೆ ಓದುವುದು, ಬೀಗ ಹಾಕಿದ ಮೇಲೂ ಬಾಗಿಲು ಎಳೆದು ನೋಡುವುದು ಆಗಿನಿಂದ ಶುರುವಾಯಿತು.

"ಯಾಕೆ ಮೇಡಂ, ಎಡಗೈ ಭಾರ ಹಾಕ್ತಾನೇ ಇಲ್ಲ?" ಎಂದು ಅಂಗಡಿಯವನು ಕೇಳಿದ.

"ಬಿದ್ದು ಮುರ್ಕೊಂಡಿದ್ದೆ."

"ಗಾಡಿ ಗೀಡಿ ಬಂದು ಗುದ್ದಿತಾ?"

"ಇಲ್ಲಪ್ಪ, ನಂದೇ ತಪ್ಪು. ತಲೆ ಎಲ್ಲೋ ಇಟ್ಕೊಂಡು ಹೋಗ್ತಿದ್ದೆ ಅನ್ಸುತ್ತೆ." ಇದನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ, ಮಾತು ನಯವಾಗಿ ಹೊರಬಂತು. "ಅದಕ್ಕೇ ಹೇಳ್ತೀನಿ, ಮೊದಲು ಮೆತ್ತಗೆ ಒತ್ತಿದ್ರೂ ಹಿಡಿಯೋ ಬ್ರೇಕ್ ಇರೋದು ಕೊಡಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಅಂಗಡಿಯವನು ಸೀಟಿನ ಎತ್ತರ ಸರಿಮಾಡಲು ಸಲಕರಣೆ ತರುತ್ತೇನೆಂದು ಒಳಗೆ ಹೋದ. ಟೈರಿನ ವಾಸನೆಯ ಆ ಇಕ್ಕಟ್ಟಿನಲ್ಲಿ ಇಬ್ಬರೇ ಉಳಿದರು.

"ನಿಂದು ತಪ್ಪಲ್ಲ" ಎಂದ ಗಂಡ.

"ಹೋಗ್ಲಿ ಬಿಡಿ, ಆಗಿದ್ದಾಯ್ತು."

"ಅಲ್ಲ ಕಣೇ. ಹ್ಯಾಂಡಲ್ ಬಿಗಿ ಮಾಡಿರಲಿಲ್ಲ ನಾನು. ಹಿಂದಿನ ದಿನ ಬಿಚ್ಚಿದ್ನಲ್ಲ, ಹಾಗೇ ಬಿಟ್ಟು ಹೋಗಿದ್ದೆ. ನೀನು ಗುಂಡಿ ನೋಡಿದ್ದರೂ ಚಕ್ರ ತಿರುಗ್ತಾ ಇರಲಿಲ್ಲ."

ಅವಳು ಬ್ರೇಕಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಹೊರಗೆ ಒಂದು ಲಾರಿ ಹಿಂದಕ್ಕೆ ಬರುತ್ತಿರುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಕೇಳಿದಳು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಸಂಜೆ."

"ಕಣ್ಣಿನ ಡಾಕ್ಟರ ಹತ್ರ ನನ್ನ ಪಕ್ಕದಲ್ಲೇ ಕೂತಿದ್ರಲ್ಲ."

ಅವನು ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬೇರೆಯೇ ಇದ್ದವು. "ಹೆದರಿಕೊಂಡೆ" ಎಂದ.

"ನನಗಾ?"

"ನಿನಗೆ ಅಂತಲ್ಲ..."

ಅಂಗಡಿಯವನು ಬಂದು ಸೀಟು ಏರಿಸಿದ. ಅವಳು ಅವನ ಕಡೆಗೇ ತಿರುಗಿ, "ಹ್ಯಾಂಡಲ್ ಬಿಗಿ ಇದ್ಯಾ ಅಂತ ನೋಡೋದು ಹೇಗೆ?" ಎಂದಳು.

"ನಾನು ನೋಡಿಯೇ ಕೊಡೋದು ಮೇಡಂ."

"ನನಗೆ ತೋರಿಸಿ."

ಅವನು ಮುಂಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಅದುಮಿಕೊಂಡು ಹ್ಯಾಂಡಲನ್ನು ತಿರುಚಿ ತೋರಿಸಿದ. ಅವಳೂ ಹಾಗೇ ಮಾಡಿದಳು. ತಿರುಚುವಾಗ ಮುಖ ಒಂದು ಕ್ಷಣ ಕಿವುಚಿತು. ಗಂಡ ಒಂದು ಹೆಜ್ಜೆ ಮುಂದೆ ಬಂದ. ಅವಳು ನೋಡಲಿಲ್ಲ. ಅಂಗಡಿಯವನ ಕೈಯಿಂದ ಸ್ಪ್ಯಾನರು ತೆಗೆದುಕೊಂಡು ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಯಾವುದೂ ಅಲುಗಲಿಲ್ಲ.

ಆಮೇಲೆ ಸೈಕಲ್ಲನ್ನು ರಸ್ತೆಗಿಳಿಸಿ ಹತ್ತಿದಳು. ಒಡೆದ ಕಾಲುದಾರಿಯ ಕಲ್ಲುಗಳ ಮೇಲೆ ಬೇಕೆಂದೇ ಹಾಯಿಸಿಕೊಂಡು ಮೂಲೆಯಲ್ಲಿ ಮರೆಯಾದಳು.

"ಬಹಳ ದೂರ ಹೋದ್ರಲ್ಲ ಸಾರ್" ಎಂದ ಅಂಗಡಿಯವನು, ಸ್ವಲ್ಪ ಹೊತ್ತಾದ ಮೇಲೆ.

"ಬರ್ತಾಳೆ" ಎಂದ ಗಂಡ. ಹೇಳಿ, ರಸ್ತೆಯ ಎರಡೂ ಕಡೆ ನೋಡಿದ.

ಅವಳು ಬಂದಾಗ ಹಣೆಯಲ್ಲಿ ಬೆವರಿತ್ತು. "ಇದೇ ಸಾಕು. ಕೈ ನೋವಾಗ್ತಿಲ್ಲ" ಎಂದು ಅಂಗಡಿಯವನಿಗೆ ಹೇಳಿದಳು. ಗಂಡ ಪರ್ಸು ತೆಗೆಯುವಷ್ಟರಲ್ಲಿ ತನ್ನ ಕಾರ್ಡು ಚಾಚಿದ್ದಳು. ಪಂಪು, ಬೀಗ, ಹೆಲ್ಮೆಟಿನ ಖಾಲಿ ಡಬ್ಬವನ್ನು ಅವನ ಕೈಗೆ ಕೊಟ್ಟಳು.

"ನೀವು ಬಸ್ಸಲ್ಲಿ ಬನ್ನಿ."

"ಮನೆಗೆ ತಾನೇ ಹೋಗ್ತೀಯಾ?"

"ಗೊತ್ತಿಲ್ಲ. ಇನ್ನೂ ಸ್ವಲ್ಪ ಓಡಿಸಬೇಕು" ಎಂದು ಹೆಲ್ಮೆಟಿನ ಪಟ್ಟಿ ಹಾಕಿಕೊಂಡು ಹೊರಟಳು.

ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕೆಳಗೆ, ವಾಹನಗಳ ಸಾಲಿನ ಮುಂದೆ, ಅವಳು ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು. ಸೈಕಲ್ಲಿನ ಕಂಬಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು ಎಬ್ಬಿಸಿ, ಉದ್ದಕ್ಕೆ ಸುಲಿಯುತ್ತಿದ್ದಳು. ಅವನ ಕೈ ಗಾಜು ತಟ್ಟಲು ಎದ್ದು, ಹಾಗೇ ಡಬ್ಬದ ಮೇಲೆ ಕೂತಿತು. ಅವಳು ಸುಲಿದದ್ದನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದಳು. ಹಸಿರು ದೀಪ ಬಿತ್ತು. ಬಸ್ಸು ಮನೆಯ ದಾರಿಗೆ, ಎಡಕ್ಕೆ ತಿರುಗಿತು. ಅವಳು ನೇರ ಹೋದಳು.