ಸೊಟ್ಟ ರೊಟ್ಟಿ

ದುಂಡಪ್ಪನ ಬಲಗೈ ಬೇರೆ ಯಾರದೋ ಎಂಬಂತೆ ಹಾಸಿಗೆಯ ಮೇಲೆ ಬಿದ್ದಿತ್ತು. ಲಕ್ವಾ ಹೊಡೆದ ದಿನ ತಮ್ಮೂರು ಬೀಡಿಯಿಂದ ಬೆಳಗಾವಿಯ ಆಸ್ಪತ್ರೆಗೆ ಕರೆತರುವಾಗ, ಗಂಡನ ಜೀವವೊಂದು ಉಳಿದರೆ ಸಾಕು ಎಂದಿದ್ದಳು ಶಿವಬಸವ್ವ. ಜೀವ ಉಳಿಯಿತು, ತೊದಲುತ್ತಲೇ ಮಾತೂ ಮರಳಿತು. ಈಗ ಮನಸ್ಸು ಕೈಯನ್ನೂ ಬೇಡುತ್ತಿತ್ತು. ಕೈ ಬರುವವರೆಗೆ ಆಸ್ಪತ್ರೆ ಬಿಡಬಾರದೆಂದೇ ಅವಳು ತಿಳಿದಿದ್ದಳು. ಊರಲ್ಲಿ ಎಲ್ಲರೂ ತಿಳಿದದ್ದು ಹಾಗೆಯೇ. ಜೋತುಬಿದ್ದ ಕೈಯೊಂದಿಗೆ ಹೋದರೆ, ಖರ್ಚಿಗೆ ಹೆದರಿ ಗಂಡನನ್ನು ಅರ್ಧಕ್ಕೇ ಎಬ್ಬಿಸಿಕೊಂಡು ಬಂದಳು ಎನ್ನದೆ ಬಿಡುತ್ತಾರೆಯೇ?

ಆದರೆ ಆವರೆಗಿನ ಬಿಲ್ಲು ಕಟ್ಟಿ ಕೂಡಿಟ್ಟದ್ದು ಮುಗಿದಿತ್ತು. ಹಾಸಿಗೆಗೆ, ಔಷಧಕ್ಕೆ, ಸ್ಕ್ಯಾನಿಗೆ ಹೋದದ್ದು ಹೋಗಿ, ಉಳಿದದ್ದು ತವರಿನ ಬೋರಮಾಳ ಸರ ಒಂದೇ. ಅದನ್ನು ಕೊರಳಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಮಗಳು ನೇತ್ರಾ ಬಂದು ಅಪ್ಪನ ಬಳಿ ಕೂತರೆ, ತಾನು ಪೇಟೆಗೆ ಹೋಗಿ ಮಾರಿ ಬರುವುದು. ಅವ್ವ ಕೊಟ್ಟದ್ದು ಎಂದು ಮನಸ್ಸು ಹಿಂಜರಿದಾಗಲೆಲ್ಲ, ಇಂಥ ಹೊತ್ತಿನಲ್ಲಿ ಬಂಗಾರ ನೆನೆಸುತ್ತೀಯಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನೇತ್ರಾಳಿಗಿಂತ ಮೊದಲು ಡಾಕ್ಟರು ಬಂದರು. "ನಾಳೆ ಮನಿಗಿ ಹೋಗ್ರಿ," ಎಂದರು.

ಶಿವಬಸವ್ವನ ಮುಖ ಕಪ್ಪಿಟ್ಟಿತು. "ರೊಕ್ಕ ಇವತ್ತ ತರ್ತೀನ್ರಿ. ಅರ್ಧಕ್ಕ ಕಳಸಬ್ಯಾಡ್ರಿ."

"ರೊಕ್ಕದ ಮಾತಲ್ಲರೀ. ಇಲ್ಲಿ ಮಾಡೂದು ಮುಗದೈತಿ." ಅವರು ವ್ಯಾಯಾಮ ಮಾಡಿಸುವ ಶೀತಲಳನ್ನು ಕರೆದು ಮುಂದಿನ ಹಾಸಿಗೆಗೆ ಹೋದರು.

ಶೀತಲ ಸ್ಟೂಲು ಎಳೆದುಕೊಂಡು ಕೂತಳು. "ಕೈ ಬರಾಕ ತಿಂಗಳಾನುಗಟ್ಲೆ ಬೇಕ್ರಿ ಅವ್ವಾರ. ಅಲ್ಲೀತನಕ ಇಲ್ಲೇ ಇದ್ರ ಬಿಲ್ಲ ಅಷ್ಟ ಬೆಳೀತೈತಿ. ಮನ್ಯಾಗ ದಿನಾ ಮಾಡಸ್ರಿ, ಆಗಾಗ ಕರಕೊಂಡ ಬರ್ರಿ." ಮೆತ್ತನೆಯ ಉಂಡೆಯೊಂದನ್ನು ದುಂಡಪ್ಪನ ಅಂಗೈಯಲ್ಲಿಟ್ಟು ಒತ್ತಿಸಿದಳು. ಬೆರಳುಗಳು ನಿಧಾನವಾಗಿ ಮಡಿಚಿಕೊಂಡವು. "ಇದರ ಬದ್ಲಿ ಹಿಟ್ಟು ನಡೀತೈತಿ. ನಾದಸ್ರಿ, ರೊಟ್ಟಿ ಬಡಸ್ರಿ."

"ಇವರ ಕಡಿಂದ ರೊಟ್ಟೀನ? ನೀರ ಬೇಕಂದ್ರೂ ಅಡಗಿಮನಿಗೆ ಬಂದಾವರಲ್ಲರೀ ಇವರು."

"ಇನ್ನ ಬರ್ತಾರ ಬಿಡ್ರಿ."

ಎಷ್ಟೋ ದಿನದ ಮೇಲೆ ಶಿವಬಸವ್ವನಿಗೆ ನಗು ಬಂತು. ಅದರ ಹಿಂದೆಯೇ ಕಣ್ಣೀರು. ಸೆರಗಿನಿಂದ ಒರೆಸಿಕೊಳ್ಳಲು ಹೋದರೆ ಗಂಟು ಕೆನ್ನೆಗೆ ಒತ್ತಿತು.

ಬೀಡಿಗೆ ಬಂದ ಮೇಲೆ ದುಂಡಪ್ಪನನ್ನು ದಿನಾ ಒಲೆಯ ಬಾಜು ಕೂರಿಸಿ, ಮುಂದೆ ಹಿಟ್ಟು ನಾದುವ ಕೊಣಮಿಗೆ ಇಡತೊಡಗಿದಳು. ಒಂದು ಬೆಳಿಗ್ಗೆ ನೆರೆಮನೆಯ ಬಾಳವ್ವ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು.

"ದುಂಡಣ್ಣನ್ನ ಸೊಸಿ ಮಾಡಿ ಕುಂದರ್ಸಿದೇನವಾ? ಕೈ ಇನ್ನೂ ಹಂಗ ಐತಿ. ಖರ್ಚ ಆಗತೈತಂತ ಕರಕೊಂಡ ಬಂದ್ಯಾ?"

ಹೆದರಿದ್ದು ಇದೇ ಮಾತಿಗೆ. ಈಗ ಕೇಳಿದರೆ ಅದಕ್ಕೆ ಹಲ್ಲೇ ಇರಲಿಲ್ಲ. "ಖರ್ಚ ಉಳೀತು ಖರೇ. ಕೈನೂ ಬರಾಕತ್ತೈತಿ. ಕುಂದರ, ರೊಟ್ಟಿ ತಿಂದ ಹೋಗ."

"ಇದು ರೊಟ್ಟಿನೋ, ಗೋವಾದ ನಕಾಶೆನೋ?" ಎನ್ನುತ್ತ ಬಾಳವ್ವ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೇ ಹೋದಳು.

ದುಂಡಪ್ಪ ಬಡಿಯುವುದನ್ನು ನಿಲ್ಲಿಸಿ ಹೆಂಡತಿಯ ಕೊರಳನ್ನೇ ನೋಡುತ್ತಿದ್ದ. "ಬೋರ... ಮಾಳ... ಮಾರಿದಿ?"

ಅವಳು ಬೆರಗಾದಳು. ಇಷ್ಟು ವರ್ಷದಲ್ಲಿ ಈತ ತನ್ನ ಕೊರಳನ್ನು ನೋಡಿದ್ದೇ ಗೊತ್ತಿರಲಿಲ್ಲ. ಸರ ಪೆಟ್ಟಿಗೆಯಲ್ಲಿತ್ತು; ಮತ್ತೆ ಹಾಕಿಕೊಳ್ಳುವ ಧೈರ್ಯ ಇನ್ನೂ ಬಂದಿರಲಿಲ್ಲ, ಅಷ್ಟೇ. ಎದ್ದು ಹೋಗಿ ತಂದು, ಅವನ ಎದುರೇ ಹಾಕಿಕೊಂಡಳು.

"ಐತ್ರಿ. ನೀವು ರೊಟ್ಟಿ ಬಡೀರಿ, ತವಾ ಕಾಯಾಕತ್ತೈತಿ."